ಶಮಶಾದಳಿಗೆ ತೆರೆದ ಬಾಗಿಲುಗಳು

ಹೋದ ವರ್ಷ ಒಂದು ತರಬೇತಿಗೆ ನನ್ನನ್ನು ಕರೆದಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿಯರು ಕೂತಿದ್ದರು. "ನಿಮ್ಮ ಅನುಭವದ ನಾಕು ಮಾತು ಹೇಳ್ರಿ ಬಾಯಾರ" ಅಂದರು. ನಮ್ಮ ಕಡೆ ನರ್ಸಿಗೆ ಬಾಯಾರು ಅನ್ನುತ್ತಾರೆ. ಲಸಿಕೆಯ ಡಬ್ಬಿಯನ್ನು ಬಿಸಿಲಿನಿಂದ ಹೇಗೆ ಕಾಪಾಡಬೇಕು, ಹೆರಿಗೆಯಾದ ಮೇಲೆ ಬಾಣಂತಿಯ ಮಗ್ಗುಲಲ್ಲಿ ಎಷ್ಟು ಹೊತ್ತು ಕೂತಿರಬೇಕು, ರಜಿಸ್ಟರನ್ನು ಅಂದಂದೇ ಯಾಕೆ ಬರೆಯಬೇಕು ಎಂದೆಲ್ಲ ಹೇಳಿದೆ. ಚಪ್ಪಾಳೆ ಹೊಡೆದರು. ಬಸ್ಸಿನಲ್ಲಿ ವಾಪಸು ಬರುವಾಗ, ಹೇಳಬೇಕಾದದ್ದನ್ನೇ ಬಿಟ್ಟು ಬಂದೆನಲ್ಲ ಅನ್ನಿಸಿತು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನನ್ನನ್ನು ರೋಗಗಳಿಗಿಂತ, ಮೇಲಧಿಕಾರಿಗಳಿಗಿಂತ ಹೆಚ್ಚು ಕಾಡಿದ್ದು ಹೊಟ್ಟೆಕಿಚ್ಚು. ಅದನ್ನು ಮೈಕಿನ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ. ಬರೆದರೆ ಬಂದೀತು ಎಂದು ಬರೆಯುತ್ತಿದ್ದೇನೆ.

ನನ್ನ ಉಪಕೇಂದ್ರ ಇದ್ದದ್ದು ಸದಲಗಾ ಮತ್ತು ಭೋಜದ ನಡುವಿನ ಒಂದು ಹಳ್ಳಿಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಜನ ಇನ್ನೂ ಇದ್ದಾರೆ, ಓದುತ್ತಾರೆ. ನಾನು ಸೇರಿದಾಗ ಗಾಜಿನ ಸಿರಿಂಜು ಇತ್ತು. ಬೆಳಿಗ್ಗೆ ಸ್ಟೋವ್ ಹಚ್ಚಿ, ಸೂಜಿ ಸಿರಿಂಜು ಕುದಿಸಿ, ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದುಕೊಂಡು ತೋಟದ ಮನೆಗಳಿಗೆ ಹೋಗುತ್ತಿದ್ದೆ. "ನರ್ಸಬಾಯಿ ಬಂದಳು" ಎಂದರೆ ಮಕ್ಕಳು ಕಣಜದ ಹಿಂದೆ ಅಡಗುತ್ತಿದ್ದವು. ಅವರ ಅವ್ವಂದಿರು ಮಾತ್ರ ಚಹಾಕ್ಕೆ ಇಡುತ್ತಿದ್ದರು. ಕಷ್ಟದ ಹೆರಿಗೆಯೆಂದರೆ ನಾನೇ, ಮಗುವಿಗೆ ಜ್ವರವೆಂದರೆ ನಾನೇ, ಅತ್ತೆಗೆ ಕೇಳದಂತೆ ಸಂತಾನ ನಿಯಂತ್ರಣದ ಆಪರೇಷನ್ ವಿಷಯ ಮಾತಾಡಬೇಕೆಂದರೂ ನಾನೇ. ಊರಿಗೆ ಊರೇ ನನ್ನದು ಅನ್ನುವ ಭಾವನೆ ಬೆಳೆದಿತ್ತು. ಅದನ್ನು ನಾನು ಸೇವೆ ಅಂದುಕೊಂಡಿದ್ದೆ. ಈಗ ನೋಡಿದರೆ ಅದರಲ್ಲಿ ಅರ್ಧ ಒಡೆತನ.

ಆ ಮೊದಲ ವರ್ಷಗಳ ಒಂದು ತಪ್ಪು ಹೇಳುತ್ತೇನೆ, ಹುಡುಗಿಯರಿಗೆ ಉಪಯೋಗವಾದೀತು. ಒಮ್ಮೆ ಬರ್ಫದ ಗಡ್ಡೆಗಳನ್ನು ಫ್ರಿಜ್ಜಿನಿಂದ ತೆಗೆದವಳೇ, ಸ್ವಲ್ಪ ಹೊತ್ತು ಹೊರಗಿಟ್ಟು ಕರಗಲು ಬಿಡದೆ, ನೇರ ಡಬ್ಬಿಗೆ ತುಂಬಿ ಹೊರಟೆ. ಗಂಟಲಮಾರಿ, ನಾಯಿಕೆಮ್ಮಿನ ಲಸಿಕೆ ಹೆಪ್ಪುಗಟ್ಟಿತು. ನನಗದು ಗೊತ್ತಾಗಲಿಲ್ಲ. ಅವತ್ತು ತಪಾಸಣೆಗೆ ಬಂದ ಮೇಲ್ವಿಚಾರಕಿ, ಬಿಳಿ ಸೀರೆಯ ಗಟ್ಟಿ ಹೆಂಗಸು, ಒಂದು ಬಾಟಲಿ ಎತ್ತಿ ಅಲುಗಾಡಿಸಿ ಬೆಳಕಿಗೆ ಹಿಡಿದರು. ಒಳಗೆ ಹಿಟ್ಟಿನಂಥ ಚೂರುಗಳು. "ಇದು ಔಷಧಲ್ಲ ಸುಶೀಲಾ, ನೀರು" ಅಂದರು. ಎಲ್ಲವನ್ನೂ ನನ್ನ ಕೈಯಿಂದಲೇ ತಿಪ್ಪೆಗುಂಡಿಗೆ ಹಾಕಿಸಿದರು. ಆಮೇಲೆ ಆ ದಿನ ಚುಚ್ಚಿದ್ದ ನಾಲ್ಕು ಮಕ್ಕಳ ಮನೆಗೆ ನನ್ನನ್ನು ಕರೆದುಕೊಂಡು ಹೋಗಿ, "ನಮ್ಮ ಬಾಯಿ ತಪ್ಪು ಮಾಡ್ಯಾಳ, ಮತ್ತೊಮ್ಮೆ ಚುಚ್ಚಬೇಕ್ರಿ" ಎಂದು ತಾವೇ ಹೇಳಿದರು. ಯಾರೂ ಬೈಯಲಿಲ್ಲ. ಜನರ ಮುಂದೆ ತಪ್ಪೊಪ್ಪಿಕೊಂಡರೆ ಮರ್ಯಾದೆ ಹೋಗುವುದಿಲ್ಲ ಎಂಬುದನ್ನು ಅವರು ಕಲಿಸಿದರು. ನಾನು ಮಾತ್ರ ಬರ್ಫದ ಪಾಠವನ್ನಷ್ಟೇ ಕಲಿತೆ.

ಶಮಶಾದ ಆಶಾ ಕಾರ್ಯಕರ್ತೆಯಾಗಿ ಬಂದಾಗ ನನಗೆ ಇಪ್ಪತ್ತು ವರ್ಷದ ಸರ್ವಿಸ್ ಆಗಿತ್ತು. ಅವಳು ನಿಪ್ಪಾಣಿಯ ಹುಡುಗಿ, ನಮ್ಮ ಊರಿಗೆ ಸೊಸೆ. ಮದುವೆಯಾದಾಗಿನಿಂದ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಏಳನೆಯ ತನಕ ಓದಿದ್ದಳು. ಅಕ್ಷರ ಕೋಳಿ ಕೆದರಿದಂತೆ. ರಜಿಸ್ಟರು ಯಾವತ್ತೂ ಎರಡು ದಿನ ತಡ. ಜೋರಾಗಿ ನಗುತ್ತಿದ್ದಳು, ಸುಟ್ಟ ತಂಬಾಕಿನ ಮಿಶ್ರಿ ತಿಕ್ಕಿ ತಿಕ್ಕಿ ಹಲ್ಲು ಕಪ್ಪಾಗಿದ್ದವು. ಮೊದಲ ತಿಂಗಳು ನಾನು ಅವಳ ಪುಸ್ತಕಕ್ಕೆ ಕೆಂಪು ಪೆನ್ನಿನಿಂದ ಗೆರೆ ಎಳೆದು, "ಇದನ್ನ ಯಾರ ಓದಬೇಕು?" ಅಂದೆ.

"ನೀವ ಓದಬೇಕ್ರಿ ಬಾಯಾರ. ನಿಮ್ಮ ಹಂಗ ಬರಿಯಾಕ ನನಗ ಇನ್ನೊಂದು ಜನ್ಮ ಬೇಕ" ಎಂದು ನಕ್ಕಳು. ಆ ನಗು ನನಗೆ ಹಿಡಿಸಿತ್ತು. ಅವಳು ನನ್ನ ಕೈಕೆಳಗಿನವಳು ಎಂಬುದು ಇನ್ನೂ ಹಿಡಿಸಿತ್ತು.

ಊರಲ್ಲಿ ಮಸೀದಿಯ ಹಿಂದಿನ ಓಣಿಯ ಏಳೆಂಟು ಮನೆಗಳು ಪೋಲಿಯೋ ಹನಿಗೆ ಬಾಗಿಲು ತೆರೆಯುತ್ತಿರಲಿಲ್ಲ. ನಾನು ವರ್ಷಗಟ್ಟಲೆ ಹೋಗಿ, ಬೈದು, ಹೆದರಿಸಿ, ಬಾಗಿಲಿಗೆ ಚಾಕ್ ಗುರುತು ಹಾಕಿ ಬರುತ್ತಿದ್ದೆ. ಶಮಶಾದ ಒಂದು ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು, ಆ ಮನೆಯ ಹೆಂಗಸಿಗೆ ಒಂದು ತಾಸು ಬೀಡಿ ಎಲೆ ಕತ್ತರಿಸಿಕೊಟ್ಟಳು. ಹನಿಯ ಮಾತೇ ಎತ್ತಲಿಲ್ಲ. ಸಂಜೆ ಆ ಹೆಂಗಸೇ ಮೂರು ಮಕ್ಕಳನ್ನು ಕಂಕುಳಲ್ಲಿ, ಕೈಯಲ್ಲಿ ಹಿಡಿದುಕೊಂಡು ಬೂತಿಗೆ ಬಂದಳು. ಬೂತಿನಲ್ಲಿ ಕೂತಿದ್ದ ನಾನು ಹನಿ ಹಾಕಿದೆ. ಸಂತೋಷವಾಗಬೇಕಿತ್ತು. ಎದೆಯಲ್ಲಿ ಏನೋ ಚುರ್ ಅಂದಿತು. ನನಗೆ ತೆರೆಯದ ಬಾಗಿಲು ಇವಳಿಗೆ ಯಾಕೆ ತೆರೆಯಿತು? ಅವಳ ಜಾತಿಯವರು, ಅದಕ್ಕೇ ಎಂದು ಸಮಾಧಾನ ಮಾಡಿಕೊಂಡೆ.

ಆ ಸಮಾಧಾನವೂ ಬಹಳ ದಿನ ಉಳಿಯಲಿಲ್ಲ. ಊರಲ್ಲಿ ಅಕ್ಕಾತಾಯಿ ಎಂಬ ಹೆಂಗಸಿದ್ದಳು. ದ್ರಾಕ್ಷಿ ತೋಟದ ಮನೆ. ಅವಳ ನಾಲ್ಕೂ ಹೆರಿಗೆಗಳನ್ನು ನಾನೇ ಮಾಡಿಸಿದ್ದೆ. ಮೂರನೆಯದರಲ್ಲಿ ಅವಳು ಉಳಿದದ್ದೇ ಹೆಚ್ಚು. ಚಕ್ಕಡಿಯಲ್ಲಿ ಹಾಕಿಕೊಂಡು, ನನ್ನ ತೊಡೆಯ ಮೇಲೆ ಅವಳ ತಲೆ ಇಟ್ಟುಕೊಂಡು ಚಿಕ್ಕೋಡಿಯ ದವಾಖಾನೆಗೆ ಮುಟ್ಟಿಸಿದ್ದೆ. ಹಬ್ಬಕ್ಕೆ ಹೋಳಿಗೆ ಮೊದಲು ನನಗೆ ಬರುತ್ತಿತ್ತು. ಅಂಥ ಅಕ್ಕಾತಾಯಿ, ತನ್ನ ಸೊಸೆಗೆ ನೋವು ಸುರುವಾದಾಗ ಫೋನ್ ಮಾಡಿದ್ದು ಶಮಶಾದಳಿಗೆ. ನನಗೆ ತಿಳಿದದ್ದು ಮರುದಿನ, ಪೇಢೆ ಬಂದಾಗ.

"ನಿಮಗ ಯಾಕ ತ್ರಾಸ ಕೊಡೂದಂತ ಮಾಡಿದ್ನಿರಿ ಬಾಯಾರ. ಶಮಶಾದ ಗಾಡಿ ತಂದ್ಲು, ದವಾಖಾನ್ಯಾಗ ಕಡೀತನಕ ನಿಂತಳು" ಅಂದಳು ಅಕ್ಕಾತಾಯಿ. ಅವಳು ಒಳ್ಳೆಯ ಮಾತನ್ನೇ ಆಡಿದ್ದಳು. ನಾನು ಪೇಢೆಯನ್ನು ಬಾಯಿಗೆ ಹಾಕಿಕೊಂಡೆ. ಆ ವಾರ ಶಮಶಾದಳ ರಜಿಸ್ಟರಿನಲ್ಲಿ ಹನ್ನೊಂದು ತಪ್ಪು ಹುಡುಕಿದೆ.

ಹೀಗೇ ವರ್ಷಗಳು ಹೋದವು. ಕೊರೋನಾ ಬಂತು. ಮೊದಲ ಅಲೆಯಲ್ಲಿ ಇಬ್ಬರೂ ಮನೆಮನೆ ತಿರುಗಿದೆವು; ಬೇಸತ್ತ ಜನ ಇಬ್ಬರನ್ನೂ ಬೈದರು, ಅದರಲ್ಲಿ ಮಾತ್ರ ಭೇದ ಮಾಡಲಿಲ್ಲ. ಲಸಿಕೆ ಬಂದಾಗ ಮೊದಲು ನಮ್ಮಂಥವರಿಗೇ ಹಾಕುವುದೆಂದಾಯಿತು. ಸರದಿಯಲ್ಲಿ ನನ್ನ ಹೆಸರು ಮುಂದೆ, ಅವಳದು ಹಿಂದೆ. ಮೂವತ್ತು ವರ್ಷ ಊರಿಗೆಲ್ಲ ಸೂಜಿ ಚುಚ್ಚಿದವಳಿಗೆ ಅವತ್ತು ಹೆದರಿಕೆಯಾಯಿತು. ಹೊಸ ಔಷಧ, ನನಗೆ ಬಿ.ಪಿ. ಬೇರೆ. "ಶಮಶಾದ, ನೀ ಮುಂದ ಹೋಗ. ನಾ ಒಂಚೂರು ಕುಂದ್ರತೇನಿ" ಅಂದೆ. ಅವಳು ನನ್ನ ಮುಖ ನೋಡಿದಳು. ತೋಳು ಏರಿಸಿಕೊಂಡು ಒಳಗೆ ಹೋದಳು. ಅರ್ಧ ತಾಸು ಅವಳನ್ನೇ ನೋಡುತ್ತ ಕೂತಿದ್ದು, ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ನಾನು ಎದ್ದೆ.

ಮುಂದೆ ವಯಸ್ಸಾದವರಿಗೆ ಹಾಕುವ ಕೆಲಸ ಸುರುವಾಯಿತು. ಊರು ಎರಡು ಭಾಗವಾಯಿತು. ಬೇಕು ಎನ್ನುವವರು ಕಡಿಮೆ, ಒಲ್ಲೆ ಎನ್ನುವವರು ಹೆಚ್ಚು, ನಡುವೆ ನಿಂತು ನೋಡುವವರು ಎಲ್ಲಕ್ಕಿಂತ ಹೆಚ್ಚು. ಒಲ್ಲೆ ಎನ್ನುವವರಿಗೆ ರಾವಸಾಹೇಬ ಮುಂದಾಳು. ಕಬ್ಬು ಬೆಳೆಯುವ ದೊಡ್ಡ ಒಕ್ಕಲಿನ ಮನುಷ್ಯ, ಹಿಂದೆ ಪಂಚಾಯಿತಿ ಮೆಂಬರನಾಗಿದ್ದವ. ಕನ್ನಡ, ಮರಾಠಿ ಎರಡೂ ಪೇಪರು ಓದುವವ. ಅವನ ಹೆಂಡತಿಯ ಅಣ್ಣ ಲಸಿಕೆ ಹಾಕಿಸಿಕೊಂಡ ಎರಡನೆಯ ದಿನ ಎದೆನೋವು ಬಂದು ತೀರಿಕೊಂಡಿದ್ದ. ಮೊದಲೇ ಹೃದಯದ ಬ್ಯಾನಿ ಇತ್ತು ಎಂದು ಡಾಕ್ಟರು ಹೇಳಿದ್ದರು. ದುಃಖದಲ್ಲಿದ್ದವರಿಗೆ ಅದು ಉತ್ತರವಾಗುವುದಿಲ್ಲ.

ಹಾಲಿನ ಡೈರಿಯ ಮುಂದೆ ಒಂದು ಮುಂಜಾನೆ ರಾವಸಾಹೇಬ ಎಲ್ಲರೆದುರು ನನ್ನನ್ನು ಕೇಳಿದ: "ಬಾಯಾರ, ಮೊದಲ ಎರಡನೇ ಸೂಜಿ ಒಂದು ತಿಂಗಳಿಗೆ ಅಂದ್ರಿ. ಈಗ ಆರು ವಾರ, ಎಂಟು ವಾರ ಅಂತೀರಿ. ನಿಮಗ ಪಕ್ಕಾ ಗೊತ್ತಿಲ್ಲದ್ದನ್ನ ನಮ್ಮ ಮೈಯಾಗ ಯಾಕ ಹಾಕತೀರಿ?"

ಒಳ್ಳೆಯ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. "ಸರಕಾರಕ್ಕ ನಿಮಗಿಂತ ಹೆಚ್ಚು ಗೊತ್ತೈತಿ. ಶಾಣ್ಯಾತನ ಮನ್ಯಾಗ ಮಾಡ್ರಿ" ಅಂದೆ. ಹಾಲಿನ ಕ್ಯಾನು ಹಿಡಿದು ನಿಂತವರು ಗುಜುಗುಜು ಅಂದರು. ಶಮಶಾದ ಮುಂದೆ ಬಂದಳು.

"ಅಣ್ಣಾ, ಅದು ನನಗೂ ತಿಳೀಲಿಲ್ಲ. ಡಾಕ್ಟರ್ ಸಾಹೇಬರನ್ನ ಕರಕೊಂಡ ಬರ್ತೇನಿ, ಅವರನ್ನ ಕೇಳ್ರಿ. ಆಮ್ಯಾಲ ಬ್ಯಾಡಂದ್ರ ಬ್ಯಾಡ."

ರಾವಸಾಹೇಬ ತಲೆ ಆಡಿಸಿದ. "ಇದು ಮಾತು" ಅಂದ. ಅಷ್ಟೂ ಜನರ ಮುಂದೆ ನನ್ನ ಮುಖ ಸುಟ್ಟಂತಾಯಿತು.

ಉಪಕೇಂದ್ರಕ್ಕೆ ಬಂದ ಮೇಲೆ ನಾನು ಅವಳಿಗೆ, "ಸೂಜಿ ಹಾಕಿಸ್ಕೊಳ್ಳದಿದ್ರ ರೇಶನ್ ಬಂದ್ ಆಗ್ತೈತಿ ಅಂತ ಹೇಳು. ಎಲ್ಲಾರೂ ಸಾಲಿಗೆ ನಿಲ್ತಾರ" ಅಂದೆ. ಅಂಥ ಆದೇಶ ಯಾರೂ ಕೊಟ್ಟಿರಲಿಲ್ಲ. ನಾನೇ ಕಟ್ಟಿದ ಮಾತು.

"ಸುಳ್ಳು ಹೇಳಂಗಿಲ್ರಿ ಬಾಯಾರ. ನಾಳೆ ರೇಶನ್ ಸಿಕ್ಕತಂದ್ರ ನಮ್ಮ ಸೂಜೀನೂ ಸುಳ್ಳು ಅಂತಾರ."

"ನಿನಗ ನಾ ಕಲಸಬೇಕೋ, ನನಗ ನೀ ಕಲಸಬೇಕೋ?"

ಅವಳು ನನ್ನ ಮಗ್ಗುಲಲ್ಲಿ ಕೂತಳು. ತಾನಾಗಿಯೇ, "ಜಬರದಸ್ತಿಲೇ ಆಗೂದಾಗಿದ್ರ ನಮ್ಮತ್ತೀಗೆ ಮೊದಲ ಮಾಡಿಸ್ತಿದ್ದೆ. ಕೈಕಾಲು ಹಿಡದೇನಿ, ಒಲ್ಲೆ ಅಂತಾಳ. ಅಕಿ ತಮ್ಮನ ಮಗ ಫೋನಿನ್ಯಾಗ ಏನೇನೋ ತೋರಿಸ್ಯಾನ. ಯಾರ ಮುಂದೂ ಹೇಳಬ್ಯಾಡ್ರಿ" ಅಂದಳು. ಕಣ್ಣಲ್ಲಿ ನೀರಿತ್ತು. ಅವಳು ನನ್ನನ್ನು ನಂಬಿ ಹೇಳಿದ ಮನೆಯೊಳಗಿನ ಮೊದಲ ಮಾತು ಅದು.

ಶಿಬಿರದ ದಿನ ಬಂತು. ಶಾಲೆಯ ವರಾಂಡದಲ್ಲಿ ಮೇಜು ಹಾಕಿದೆವು. ಆ ಲಸಿಕೆಯ ಒಂದು ಬಾಟಲಿಯಲ್ಲಿ ಹತ್ತು ಮಂದಿಗಾಗುವಷ್ಟು ಇರುತ್ತಿತ್ತು. ಬಿಚ್ಚಿದ ಮೇಲೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಹತ್ತು ಜನ ಬಂದ ಹೊರತು ಬಿಚ್ಚುವ ಹಾಗಿರಲಿಲ್ಲ. ಅವತ್ತು ಇಪ್ಪತ್ತಕ್ಕೂ ಹೆಚ್ಚು ಜನ ನಿಂತಿದ್ದರು. ಎರಡು ವಾರ ಶಮಶಾದ ಮನೆಮನೆ ಕೂತು ಎದ್ದು ಬಂದ ಫಲ. ನಮ್ಮ ವೈದ್ಯಾಧಿಕಾರಿ, ತುಮಕೂರು ಕಡೆಯ ತರುಣ, ಬಂದು ರಾವಸಾಹೇಬನ ಪ್ರಶ್ನೆಗೆ ತಮ್ಮ ಸಾವಕಾಶದ ಕನ್ನಡದಲ್ಲಿ ಉತ್ತರ ಹೇಳಿದರು: ಅಂತರ ಹೆಚ್ಚಿದ್ದರೆ ಕಸುವು ಹೆಚ್ಚು ಬರುತ್ತದೆಂದು ಆಮೇಲೆ ತಿಳಿಯಿತು, ತಿಳಿದ ಮೇಲೆ ಬದಲಿಸಿದರು, ಅಷ್ಟೇ. ರಾವಸಾಹೇಬ ಒಪ್ಪಲೂ ಇಲ್ಲ, ಜಗಳವನ್ನೂ ಮಾಡಲಿಲ್ಲ. ಕಂಬಕ್ಕೆ ಒರಗಿ ನಿಂತ. ಡಾಕ್ಟರು ಬೇರೆ ಊರಿಗೆ ಹೊರಟರು. ಸಾಲಿನಲ್ಲಿ ಆರನೆಯವಳು ಅಕ್ಕಾತಾಯಿ.

ನಾನು ಬಾಟಲಿ ಬಿಚ್ಚಿ ನಾಲ್ಕು ಜನಕ್ಕೆ ಹಾಕಿದೆ. ಐದನೆಯ ಮುದುಕ ಖುರ್ಚಿಯಲ್ಲಿ ಕೂತು, "ಶಮಶಾದ ಎಲ್ಲಿ ಅದಾಳ? ಅಕಿ ನನ್ನ ಕೈ ಹಿಡದು ನಿಲ್ಲಲಿ, ಅಂದ್ರ ಹಾಕಿಸ್ಕೋತೇನಿ" ಅಂದ. ಜನ ನಕ್ಕರು. ಸಾಲಿನಿಂದ ಅಕ್ಕಾತಾಯಿ, "ಹೌದೌದು, ನನಗೂ ಅಕೀನ ಬೇಕು" ಅಂದಳು.

ತಮಾಷೆಯ ಮಾತು. ಸೂಜಿ ಹಿಡಿದದ್ದು ನನ್ನ ಕೈ. ಅವಳ ಹೆರಿಗೆ ಮಾಡಿದ್ದೂ ಅದೇ ಕೈ. ಒಳಗಿದ್ದದ್ದು ಬಾಯಿಗೆ ಬಂದೇಬಿಟ್ಟಿತು.

"ಅಕಿನ ಕೈ ಹಿಡದು ನಿಲ್ತೀರಿ. ಅಕಿ ತನ್ನ ಅತ್ತೀಗೇ ಹಾಕಿಸಿಲ್ಲ, ಅದನ್ನ ಕೇಳೀರೇನು?"

ಕಂಬಕ್ಕೆ ಒರಗಿದ್ದ ರಾವಸಾಹೇಬ ನೆಟ್ಟಗಾದ. "ಖರೇ ಏನ, ಶಮಶಾದ?"

ಶಮಶಾದ ವರಾಂಡದ ಆ ತುದಿಯಲ್ಲಿ ಆಧಾರ್ ಕಾರ್ಡು ನೋಡಿ ಹೆಸರು ಬರೆಯುತ್ತಿದ್ದಳು. ಎದ್ದು ನಿಂತಳು. ಮೊದಲು ನನ್ನನ್ನು ನೋಡಿದಳು. "ಮೊದಲನೇ ದಿನ ಇವರೇ ಹೆದರಿ ನನ್ನ ಮುಂದ ದೂಡಿದ್ರು" ಎಂದು ಅವಳು ಒಂದು ಮಾತು ಅಂದಿದ್ದರೆ ನಾನು ಆ ಊರಲ್ಲಿ ಮತ್ತೆ ತಲೆ ಎತ್ತುವಂತಿರಲಿಲ್ಲ. ಅವಳ ಬಾಯಿ ಆ ಮಾತಿಗೆ ತೆರೆದದ್ದನ್ನೂ, ಮುಚ್ಚಿದ್ದನ್ನೂ ನಾನು ಕಂಡೆ.

"ಖರೇರಿ ಅಣ್ಣಾ. ನಮ್ಮತ್ತಿ ಒಲ್ಲೆ ಅಂದಾಳ. ನಾ ಹಾಕಿಸ್ಕೊಂಡೇನಿ, ನನ್ನ ಗಂಡ ಹಾಕಿಸ್ಕೊಂತಾನ. ಅತ್ತೀಗೆ ದಿನಾ ಹೇಳಾಕತ್ತೇನಿ. ಜಬರದಸ್ತಿ ಅಕೀಗೂ ಮಾಡಿಲ್ಲ, ನಿಮಗೂ ಮಾಡಂಗಿಲ್ಲ."

ಕೆಲವರು ತಲೆ ಆಡಿಸಿದರು. ಆದರೆ ಸಾಲು ಒಡೆದಿತ್ತು. "ಮನ್ಯಾವರಿಗೇ ಇಲ್ಲಂದ ಮ್ಯಾಲ ನಮಗ್ಯಾಕ" ಎಂದು ಒಬ್ಬ ಚಪ್ಪಲಿ ಮೆಟ್ಟಿದ. ಅವನ ಹಿಂದೆ ಇನ್ನೊಬ್ಬ. ಐದನೆಯ ಮುದುಕ ಖುರ್ಚಿಯಿಂದ ಎದ್ದ. ಅಕ್ಕಾತಾಯಿ ಸೆರಗು ಸರಿಮಾಡಿಕೊಂಡು, "ಮುಂದಿನ ವಾರ ನೋಡೂಣ್ರಿ ಬಾಯಾರ" ಎಂದು ಮೆಟ್ಟಿಲು ಇಳಿದಳು. ನಾಲ್ಕು ತಾಸು ಕಾದೆವು. ಯಾರೂ ಬರಲಿಲ್ಲ. ಆರು ಜನರ ಔಷಧ ಬಾಟಲಿಯಲ್ಲೇ ಉಳಿಯಿತು. ರಜಿಸ್ಟರಿನಲ್ಲಿ "ವ್ಯರ್ಥ" ಎಂಬ ಕಾಲಮ್ಮಿನಲ್ಲಿ ಆರು ಎಂದು ನನ್ನ ದುಂಡಗಿನ ಅಕ್ಷರದಲ್ಲಿ ಬರೆದೆ. ಶಮಶಾದ ಮೇಜು ಎತ್ತಿಟ್ಟು ಹೋದಳು.

ಮುಂದಿನ ವಾರ ಲಸಿಕೆಯ ಸ್ಟಾಕ್ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅಷ್ಟರಲ್ಲಿ ಎರಡನೆಯ ಅಲೆ ಬಂತು.

ಅಕ್ಕಾತಾಯಿಗೆ ಮೊದಲು ಕೆಮ್ಮು. ಮಗನಿಗೂ ಬಂತು, ಅವನು ಸುಧಾರಿಸಿಕೊಂಡ. ಅವಳಿಗೆ ಉಸಿರು ಸಾಲದಾಯಿತು. ಬೆರಳಿಗೆ ಆಕ್ಸಿಜನ್ ಅಳೆಯುವ ಯಂತ್ರ ಹಚ್ಚಿ ನೋಡಿದವಳು ನಾನೇ. ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ಬೆರಳಿಗೆ ಹಚ್ಚಿದೆ. "ಏನಂತೈತ್ರಿ ಅದು?" ಎಂದು ಕೇಳಿದಳು. "ಮಿರಜಿನ ದವಾಖಾನಿಗೆ ಹೋಗೂಣು" ಅಂದೆ. ಗಾಡಿಯಲ್ಲಿ ಕೂರುವಾಗ ನನ್ನ ಕೈ ಹಿಡಿದು, "ಚಕ್ಕಡ್ಯಾಗ ಒಯ್ದಿದ್ರಿ, ನೆನಪೈತೇನ್ರಿ?" ಅಂದಳು. ನಾನು ಜೊತೆಗೆ ಹತ್ತಲು ಹೋದೆ. ಒಬ್ಬರಿಗಷ್ಟೇ ಅವಕಾಶವೆಂದು ಮಗ ಹತ್ತಿದ. ಎಂಟು ದಿನಕ್ಕೆ ಅಕ್ಕಾತಾಯಿ ತೀರಿಕೊಂಡಳು. ಊರಿಗೆ ತರಲಿಲ್ಲ. ಮಗ ಒಬ್ಬನೇ ಬಂದ.

ಡಾಕ್ಟರನ್ನು ಕೇಳಿದೆ. ಅವತ್ತು ಒಂದು ಸೂಜಿ ಬಿದ್ದಿದ್ದರೆ ಉಳಿಯುತ್ತಿದ್ದಳೇ? ಅವರು, "ಹೇಳೋಕಾಗಲ್ಲ ಸಿಸ್ಟರ್. ಉಳೀಬಹುದಿತ್ತು. ಉಳೀದೇನೂ ಇರಬಹುದಿತ್ತು" ಅಂದರು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಆ ಸಾಲಿನಲ್ಲಿ ಅವಳ ಮುಂದೆ ಒಬ್ಬನೇ ಒಬ್ಬ ಮುದುಕ ಇದ್ದ. ಎರಡು ನಿಮಿಷದ ಕೆಲಸ.

ಶಮಶಾದಳ ಮನೆಗೆ ಹೋದೆ. ಹದಿನಾಲ್ಕು ವರ್ಷದಲ್ಲಿ ಅವಳ ಹೊಸ್ತಿಲು ದಾಟಿದ್ದು ಅದೇ ಮೊದಲು. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ಅವತ್ತ ನಾ ಆ ಮಾತು ಆಡಬಾರದಿತ್ತ" ಅಂದೆ.

"ಹೂಂನ್ರಿ."

"ನಿನ್ನ ಮ್ಯಾಲ ನನಗ ಹೊಟ್ಟಿಕಿಚ್ಚಿತ್ತು. ಮೊದಲಿಂದಾನೂ."

"ಗೊತ್ತಿತ್ರಿ. ಊರಿಗೆಲ್ಲ ಗೊತ್ತಿತ್ತು." ಅಕ್ಕಿಯಿಂದ ಒಂದು ಕಲ್ಲು ತೆಗೆದು ಒಗೆದಳು. "ನನಗ ಬೈದಿದ್ರ ನಡೀತಿತ್ತು ಬಾಯಾರ. ರಜಿಸ್ಟರ್ ಮುಖದ ಮ್ಯಾಲ ಒಗದ್ರೂ ನಡೀತಿತ್ತು. ನಾ ಅತ್ತು ಹೇಳಿದ್ದನ್ನ ತಗೊಂಡು ಹೋಗಿ ಓಣ್ಯಾಗ ಇಟ್ರಿ. ನನ್ನ ಅತ್ತಿ ಮೂರು ದಿನ ಉಣ್ಣಲಿಲ್ಲ, ನನ್ನಿಂದ ಮಾನ ಹೋತಂತ."

ಚಹಾ ಕೊಡಲಿಲ್ಲ. ನಾನೂ ಕೇಳುವಂತಿರಲಿಲ್ಲ.

ಅಲೆ ಇಳಿದ ಮೇಲೆ ಸ್ಟಾಕ್ ಬಂತು. ಈಗ ಜನ ತಾವಾಗಿಯೇ ಬಂದರು, ನೂಕಾಡಿ ಬಂದರು. ಹೆದರಿಕೆ ಮಾಡಿದ ಕೆಲಸ ಅದು. ಅದರಲ್ಲಿ ನನ್ನದಾಗಲಿ, ಶಮಶಾದಳದಾಗಲಿ ಏನೂ ಇರಲಿಲ್ಲ. ರಾವಸಾಹೇಬನೂ ಬಂದು ಎಲ್ಲರಂತೆ ಬಿಸಿಲಲ್ಲಿ ನಿಂತ. ಖುರ್ಚಿಯಲ್ಲಿ ಕೂತು ತೋಳು ಚಾಚಿದ.

"ನಾ ಕೇಳಿದ್ದು ತಪ್ಪಲ್ರಿ ಬಾಯಾರ. ಮತ್ತೂ ಕೇಳಾಂವನ."

"ಕೇಳ್ರಿ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಹೇಳ್ತೇನಿ" ಅಂದೆ. ಅವನು ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದ.

ಶಮಶಾದಳ ಅತ್ತೆ ನನ್ನ ಸಾಲಿಗೆ ಬರಲಿಲ್ಲ. ಶಮಶಾದ ಅವಳನ್ನು ಬಸ್ಸಿನಲ್ಲಿ ನಿಪ್ಪಾಣಿಗೆ ಕರೆದುಕೊಂಡು ಹೋಗಿ ಅಲ್ಲಿ ಹಾಕಿಸಿದಳು. ನಾನು ನಡೆದು ಹೋಗುವಷ್ಟು ಹತ್ತಿರವಿದ್ದೆ. ಪಟ್ಟಿಯಲ್ಲಿ ಆ ಮುದುಕಿಯ ಹೆಸರಿನ ಮುಂದೆ ಬೇರೆ ಕೇಂದ್ರದ ಹೆಸರು ಕಂಡಾಗ ಪೆನ್ನು ಕೆಳಗಿಟ್ಟೆ. ಅದು ನನಗೆ ಸಿಕ್ಕಬೇಕಾದ ಶಿಕ್ಷೆಯೇ. ಆದರೂ, ನಿಪ್ಪಾಣಿಯಲ್ಲಿ ಚುಚ್ಚಿದ ಆ ಹೆಸರು ಗೊತ್ತಿಲ್ಲದ ನರ್ಸಿನ ಮೇಲೂ ನನಗೆ ಹೊಟ್ಟೆ ಉರಿಯಿತು.

ನಿವೃತ್ತಿಯಾಗುವವರೆಗೂ ಶಮಶಾದ ನನ್ನ ಜೊತೆ ಕೆಲಸದ ಮಾತಷ್ಟೇ ಆಡಿದಳು. ಕೆಲಸದಲ್ಲಿ ಕೊರತೆ ಮಾಡಲಿಲ್ಲ. ಬೀಳ್ಕೊಡುಗೆಯ ದಿನ ಶಾಲು ಹೊದಿಸುವಾಗ ಹೆಗಲ ಮೇಲೆ ಕೈ ಇಟ್ಟು, "ಆರಾಮ ಇರ್ರಿ" ಅಂದಳು. ಇನ್ನೂ ಏನಾದರೂ ಅಂದಾಳೆಂದು ಕಾದೆ. ಅಷ್ಟೇ ಅಂದಳು.

ಹುಡುಗಿಯರೇ, ಹೊಟ್ಟೆಕಿಚ್ಚು ಪಡಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಿಲ್ಲುವಂಥದ್ದಲ್ಲ ಅದು. ಬಂದಾಗ ಅದಕ್ಕೆ ಅದರ ಹೆಸರನ್ನೇ ಇಡಿ. ನಾನು ಅದಕ್ಕೆ ಶಿಸ್ತು, ಅನುಭವ, ಜವಾಬ್ದಾರಿ ಎಂದೆಲ್ಲ ಹೆಸರಿಟ್ಟಿದ್ದೆ. ಹಾಗಾಗಿ ಕೈಯಲ್ಲಿ ಸೂಜಿ ಹಿಡಿದು ನಿಂತ ಹೊತ್ತಿನಲ್ಲಿ ಅದು ನನ್ನ ಬಾಯಿಂದ ಮಾತಾಡಿತು.

ಮೊನ್ನೆ ಬಿ.ಪಿ. ತೋರಿಸಲು ಅದೇ ಉಪಕೇಂದ್ರಕ್ಕೆ ಹೋಗಿದ್ದೆ. ಕಟ್ಟಡಕ್ಕೆ ಹೊಸ ಬಣ್ಣ ಬಳಿದಿದ್ದಾರೆ. ಬೆಂಚಿನ ಮೇಲೆ ಒಬ್ಬ ಬಸುರಿ, ಅವಳ ಪಕ್ಕದಲ್ಲಿ ಅವಳ ಅತ್ತೆ. ಹೊಸ ನರ್ಸ್ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತದೆ, "ಅಜ್ಜಿ, ಹೆಸರು ಏನ್ರಿ? ಈ ಊರವರೇನು?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಬೆಂಚಿನ ಮೇಲಿದ್ದ ಅತ್ತೆ ಉತ್ಸಾಹದಿಂದ ಹೇಳಿದಳು: "ಅಯ್ಯ, ಗೊತ್ತಿಲ್ಲೇನ ನಿನಗ? ಇವರು ನಮ್ಮ ಶಮಶಾದನ ಜೋಡಿ ಕೆಲಸಾ ಮಾಡತಿದ್ದ ಬಾಯಾರು."

ಎದೆಯಲ್ಲಿ ಚುರ್ ಅಂದಿತು. ಈ ವಯಸ್ಸಿನಲ್ಲೂ ಅನ್ನುತ್ತದೆ. ನರ್ಸ್ ಹುಡುಗಿ ಈಗ ತಲೆ ಎತ್ತಿ, "ಹೌದೇನ್ರಿ?" ಅಂದಳು.

"ಹೌದವಾ" ಅಂದೆ. "ಹದಿನಾಲ್ಕು ವರ್ಷ." ತೋಳು ಚಾಚಿದೆ. ಅವಳು ಪಟ್ಟಿ ಸುತ್ತಿ ಗಾಳಿ ಹಾಕಿದಳು. ಬಿ.ಪಿ. ಸ್ವಲ್ಪ ಹೆಚ್ಚೇ ಬಂತು.